ಇಬ್ಬರು ಚಿಕ್ಕಮ್ಮಂದಿರು, ಒಂದು ಜೇಸನ್

ಶಿಡ್ಲಘಟ್ಟದ ಕಂಪ್ಯೂಟರ್ ತರಗತಿಯಲ್ಲಿ ನನಗೆ ಜೇಸನ್ ಎಂಬ, ಮಾಹಿತಿ ಬರೆಯುವ ಕ್ರಮವನ್ನು ಕಲಿಸಿದ ಮೇಡಂ ನನಗಿಂತ ಚಿಕ್ಕವರು. ಚಿಂತಾಮಣಿ ಕಡೆಯವರು, ಮಾತಿನ ನಡುವೆ ತೆಲುಗು ತೂರಿ ಬರುತ್ತಿತ್ತು. "ಬ್ರ್ಯಾಕೆಟ್ ಹಾಕಿ. ಎಡಗಡೆ ಗುರುತು, ಮಧ್ಯ ಎರಡು ಚುಕ್ಕೆ, ಬಲಗಡೆ ಅದರ ವಿವರ. ಅಂತೇ, ಅಷ್ಟೇ," ಎಂದರು. ಹೀಗೆ ಬರೆದುಕೊಟ್ಟ ಮಾಹಿತಿಯನ್ನು ವೆಬ್ ಪುಟ ತಾನೇ ಓದಿ ತೋರಿಸುತ್ತದಂತೆ. ಇಷ್ಟೇನಾ ಎಂದುಕೊಂಡೆ. ನನ್ನ ಜಂಬಕ್ಕೇನು ಕಮ್ಮಿ.

ಕೊನೆಯ ದಿನ ಎಲ್ಲರೂ ತಮ್ಮ ಮನೆಯವರ ಪುಟ ಮಾಡಿ, ಅವರನ್ನೇ ಕರೆಸಿ ತೋರಿಸಬೇಕಿತ್ತು. ಅಮ್ಮ ನನ್ನನ್ನು ಹೆತ್ತು ಹೋದವಳು. ಸಾಕಿದವಳು ಅವಳ ತಂಗಿ, ನನ್ನ ಚಿಕ್ಕಮ್ಮ. ಅವಳು ನೋಡಲೆಂದೇ ಪುಟ ಮಾಡಿದೆ. ನಮ್ಮಲ್ಲಿ ದೊಡ್ಡವರ ಹೆಸರು ಹಿಡಿಯುವ ಹಾಗಿಲ್ಲ. ಅದೇ ಅಭ್ಯಾಸದಲ್ಲಿ ಗುರುತಿನ ಜಾಗಕ್ಕೆ ಅಪ್ಪ, ಚಿಕ್ಕಮ್ಮ ಎಂದು ಸಂಬಂಧಗಳನ್ನೇ ಬರೆದು, ಬಲಗಡೆ ಅವರವರ ಫೋಟೋ ಕೊಟ್ಟೆ. ಚಿಕ್ಕಮ್ಮನ ಕೆಳಗೆ ಅವಳ ತಂಗಿ, ಮತ್ತೊಬ್ಬ ಚಿಕ್ಕಮ್ಮ. ಅಮ್ಮನಿಗೆ ಏನು ಬರೆಯಬೇಕೆಂದು ತೋಚದೆ ಬಿಟ್ಟುಬಿಟ್ಟಿದ್ದೆ.

ರೇಷ್ಮೆ ಹುಳಕ್ಕೆ ಬೆಳಗಿನ ಸೊಪ್ಪು ಹಾಕಿ, ಒಳ್ಳೆ ಸೀರೆ ಉಟ್ಟು, ಚಿಕ್ಕಮ್ಮ ಮೇಲೂರಿನಿಂದ ಬಂದಳು. ಪುಟ ತೆರೆದೆ. ಅಪ್ಪನ ಫೋಟೋ ಬಂತು, ಕಿರಿ ಚಿಕ್ಕಮ್ಮನದು ಬಂತು. ಇವಳದು ಇಲ್ಲ.

"ನಾನೆಲ್ಲಿದೀನಮ್ಮ?"

ಪುಟವನ್ನು ಮುಚ್ಚಿ ತೆರೆದೆ, ಮುಚ್ಚಿ ತೆರೆದೆ.

"ಇರ್ಲಿ ಬಿಡು. ನಾನೇನು ಹೆತ್ತೋಳಾ?" ಎಂದು ಸೆರಗು ಸರಿಮಾಡಿಕೊಂಡಳು. ಆ ದನಿಯಲ್ಲಿ ಕೋಪವೇ ಇರಲಿಲ್ಲ.

ಮೇಡಂ ಬಂದು ನೋಡಿದರು. "ಚಿಕ್ಕಮ್ಮ ಅಂತ ಒಂದೇ ಗುರುತು ಎರಡು ಸಲ ಹಾಕಿದೀರ ಕಣ್ರೀ. ಎರಡನೇದು ಬಂದು ಮೊದಲ್ನೇದನ್ನ ಅಳಿಸ್ಬಿಡ್ತು. ಗುರುತು ಒಂದೇ ಸಲ ಬರೀರಿ. ಅದರ ಮುಂದೆ ಚೌಕ ಬ್ರ್ಯಾಕೆಟ್ ಹಾಕಿ, ಎಷ್ಟು ಜನ ಇದ್ರೂ ಒಳಗೆ ಕೂರಿಸಬಹುದು." ಪುಣ್ಯಾತ್ಗಿತ್ತಿ, ನಗಲಿಲ್ಲ, ಬೈಯಲಿಲ್ಲ. ಅವರ ಋಣ ನನ್ನ ಮೇಲೆ ದೊಡ್ಡದು.

ಕಿರಿ ಚಿಕ್ಕಮ್ಮನನ್ನು ಇದ್ದಲ್ಲೇ ಬಿಟ್ಟೆ. ಮೇಲೆ ಹೊಸದಾಗಿ ಅಮ್ಮ ಎಂದು ಬರೆದೆ. ಚೌಕ ಬ್ರ್ಯಾಕೆಟ್ಟಿನೊಳಗೆ ಮೊದಲು ನನ್ನ ಫೋನಿನಲ್ಲಿದ್ದ ಅಮ್ಮನ ಹಳೆ ಫೋಟೋ, ಒಂದು ಅಲ್ಪವಿರಾಮ, ಆಮೇಲೆ ಇವಳದು. ಪುಟ ತೆರೆದುಕೊಂಡಿತು.

ಚಿಕ್ಕಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಅಕ್ಕನ ಪಕ್ಕ ಕೂತು ಎಷ್ಟು ವರ್ಷ ಆಗಿತ್ತು ಕಣೇ," ಎಂದಳು.