ಪೂಜೆಗಿಟ್ಟ ಬಂದೂಕು

ಬೆಳಿಗ್ಗೆ ಒಂಬತ್ತೂಕಾಲಿಗೆ ಆರತಿ ಹಚ್ಚಿದರು. ಕೆಟ್ಟದ್ದು ಶುರುವಾದದ್ದು ಅಲ್ಲಿಂದ. ತೊರಗಲ್ ಕೋಟೆಗೆ ಹೊರಟಿದ್ದ ನನ್ನನ್ನೂ ಡ್ರೈವರ್ ದಸ್ತಗೀರಸಾಬರನ್ನೂ ಅವರ ಗೆಳೆಯ ಬಸಪ್ಪ ಕಾಕಾ ಮಹಾನವಮಿಯ ಆಯುಧಪೂಜೆಗೆ, ಅವರ ಮಾತಿನಲ್ಲಿ ಖಂಡೇಪೂಜೆಗೆಂದು, ಕಟಕೋಳದ ತಮ್ಮ ಮನೆಗೆ ಕರೆದಿದ್ದರು. ಮಣೆಯ ಮೇಲೆ ಕುಡುಗೋಲು, ಕೊಡಲಿ, ದಸ್ತಗೀರಸಾಬರ ನಟ್ಟು ಬಿಚ್ಚುವ ಪಾನಾ, ನಡುವೆ ಹೊಲಕ್ಕೆ ನುಗ್ಗುವ ಕಾಡುಹಂದಿ ಓಡಿಸಲು ಇಟ್ಟ ಲೈಸನ್ಸಿನ ಬಂದೂಕು.

ಹೊಲದಿಂದ ತಂದಾಗ ಅದರ ಮದ್ದು ತೆಗೆಯುವುದನ್ನು ಕಾಕಾ ಮರೆತಿದ್ದರು. ಕರ್ಪೂರದ ಉರಿ ಮದ್ದಿಗೆ ಕಿಡಿ ಕೊಡುವ ಕೇಪಿಗೆ ತಗುಲಿ ಬಂದೂಕು ಹಾರಿತು. ಹೂವಿಡಲು ಬಗ್ಗಿದ್ದ ಮೊಮ್ಮಗಳು ಗಂಗಿಯ ತಲೆಯ ಪಕ್ಕದಲ್ಲೇ ಹಾದ ಗುಂಡು ಜೋಳದ ಕಣಜಕ್ಕೆ ಹೊಕ್ಕಿತು.

ಹೊಗೆಯಲ್ಲಿ ತಡಕಾಡಿ ಕಾಕಾ ಅವಳನ್ನು ಎಳೆದುಕೊಂಡರು. ತಲೆ, ಕಿವಿ, ಕುತ್ತಿಗೆ ಸವರಿದರು.

"ನನ್ನವ್ವಾ, ಎಲ್ಲಿ ನೋವೈತಿ? ಹೇಳ ಬೇ!"

"ಬಿಡ ಅಜ್ಜಾ, ಜ್ವಾಳ ಸೋರಾಕ ಹತ್ಯಾವ," ಎಂದ ಗಂಗಿ ಕಣಜದ ತೂತಿನ ಕೆಳಗೆ ಲಂಗ ಹಿಡಿದು ಕುಳಿತಳು.

ಕಾಕಾ ಅಲ್ಲೇ ಕುಸಿದು, ಅವಳ ಬೆನ್ನಿಗೆ ಹಣೆ ಹಚ್ಚಿ ಅತ್ತರು.

ಕೋಟೆ ನೋಡಲಾಗಲಿಲ್ಲ. ರಾಮದುರ್ಗದ ಲಾಡ್ಜಿನಲ್ಲಿ ಕಣ್ಣು ಮುಚ್ಚಿದರೆ ಅದೇ ಸದ್ದು. ಒಮ್ಮೊಮ್ಮೆ ಕನಸಿನಲ್ಲಿ ಆ ಪುಟ್ಟ ತಲೆ ಇನ್ನೂ ಒಂದಿಷ್ಟು, ಗುಂಡಿನ ದಾರಿಗೇ ಬಗ್ಗಿರುತ್ತಿತ್ತು.

ಹಬ್ಬ ಕಳೆದು ಸೋಮವಾರ ಕಾಕಾ ಬಂದೂಕನ್ನು ಚಾದರದಲ್ಲಿ ಸುತ್ತಿಕೊಂಡು ಪೊಲೀಸ್ ಠಾಣೆಗೆ ಬಂದರು. ನಾವೂ ಜೊತೆಗೆ ಹೋದೆವು.

"ಬಂದೂಕ ಜಮಾ ಮಾಡಾಕ ಈಗೇನ್ ಇಲೆಕ್ಷನ್ ಇಲ್ಲಲ್ರಿ ಯಜಮಾನ್ರ, ಯಾಕ್ ತಂದ್ರಿ?" ಎಂದು ಹವಾಲ್ದಾರರು ನಕ್ಕರು.

"ಪೂರಾ ಇಟ್ಕೋರಿ ಸಾಹೇಬ್ರ. ಲೈಸನ್ಸೂ ಬ್ಯಾಡ."

"ಹಂದಿ ಬಂದ್ರ?"

"ಡಬ್ಬಿ ಬಡದು ಒದರತೇನ್ರಿ. ದನಿ ಇನ್ನೂ ಗಟ್ಟಿ ಐತಿ."

ಅಂದು ರಾತ್ರಿ ಮಲಗಿದ ನಾನು ಎದ್ದಾಗ ಕಿಟಕಿಯಲ್ಲಿ ಬಿಸಿಲಿತ್ತು.