ಅಂಟಿನ ಹಲಗೆ, ಅಕ್ಕನ ಕಂಬಳಿ

ಚೈತ್ರಾ, ಮಧು, ನಿಮ್ಮೆದುರು ಕೂತು ಹೇಳಬೇಕೆಂದರೆ ನನಗೆ ಮಾತು ಹೊರಡುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನನಗೆ ಹತ್ತು ವರ್ಷ. ಹುಲಿಕುಂಟೆ ಕಡೆಯ ನಮ್ಮ ಹಟ್ಟಿಯಲ್ಲಿ ಆ ಕಾಲಕ್ಕೆ ಕುರಿ ಇದ್ದವರ ಮನೆಯಲ್ಲೆಲ್ಲ ಕಂಬಳಿ ಮಗ್ಗವಿತ್ತು. ನಡುಮನೆಯಲ್ಲೇ ಗುಂಡಿ ತೋಡಿ ಅಪ್ಪ ಮಗ್ಗ ಹೂಡಿದ್ದ. ಅಜ್ಜಿ ರಾಟೆಯಲ್ಲಿ ಉಣ್ಣೆ ನೂಲುತ್ತಿದ್ದಳು. ನೂಲು ಬಿಗಿಯಾಗಲೆಂದು ಹುಣಸೆ ಬೀಜ ಹುರಿದು, ಅರೆದು, ಗಂಜಿ ಕಾಯಿಸಿ ಬಳಿಯುವುದು ಅಕ್ಕನ ಮತ್ತು ನನ್ನ ಕೆಲಸ. ಹುರಿದ ಬೀಜ ನಾಲ್ಕು ಕದ್ದು ದವಡೆಗೆ ಹಾಕಿಕೊಂಡು ನಾನು ಕುಂಟೆಬಿಲ್ಲೆ ಆಡಲು ಓಡುತ್ತಿದ್ದೆ. ಆ ಗಂಜಿಯ ವಾಸನೆ ಇಲಿಗಳಿಗೂ ಬಲು ಇಷ್ಟ.

ಆ ಬೇಸಿಗೆಯಲ್ಲಿ ಅಕ್ಕನ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಹೆಣ್ಣು-ಗಂಡನ್ನು ಕೂರಿಸುವುದು ಹೊಸ ಕರಿ ಕಂಬಳಿ ಹಾಸಿದ ಗದ್ದುಗೆಯ ಮೇಲೆ. ಅದರಲ್ಲಿ ತೂತಿದ್ದರೆ ಅಪಶಕುನವೆಂದು ಬೀಗರು ಎದ್ದುಹೋದದ್ದೂ ಉಂಟು. ಅಪ್ಪ ನೇಯತೊಡಗಿದ ಮೂರನೇ ದಿನಕ್ಕೇ ಇಲಿಗಳು ಗೇಣುದ್ದ ನೂಲು ಕಡಿದು ಹಾಕಿದವು. ಪಾಷಾಣ ತರುತ್ತೇನೆಂದು ಅಪ್ಪ ಎದ್ದ.

“ಮದ್ವೆ ಕಂಬ್ಳಿ ಮಗ್ಗದ ಮ್ಯಾಲಿರೋಗಂಟ ಮನೇಲಿ ಜೀವ ತೆಗೀಬಾರ್ದು ಕಣಪ್ಪ,” ಅಂದಳು ಅಜ್ಜಿ. “ಪಾಷಾಣನೂ ಬ್ಯಾಡ, ಇಲಿ ಕತ್ರಿನೂ ಬ್ಯಾಡ.”

“ಹಂಗಾರೆ ಎಲೆ ಹಾಕಿ ಊಟಕ್ಕೆ ಕುಂಡ್ರುಸ್ಲಾ ಅವುನ್ನ?”

ಅಜ್ಜಿ ನಗಲಿಲ್ಲ. ಅಪ್ಪ ಎರಡು ದಿನ ಯೋಚಿಸಿ, ಆಲದ ಹಾಲು ಇಳಿಸಿ ತಂದು, ಹರಳೆಣ್ಣೆ ಬೆರೆಸಿ ಕಾಯಿಸಿದ. ಬೆರಳಿಗೆ ತಾಗಿದರೆ ಚರ್ಮದ ಜೊತೆಗೇ ಬರುವಂಥ ಅಂಟು. ಅದನ್ನು ಹಲಗೆಗೆ ಬಳಿದು, ನಡುವೆ ಹುರಿದ ಕಡಲೆಕಾಯಿ ಬೀಜ ಇಟ್ಟ.

“ಅಂಟ್ಕಂತವೆ, ಅಷ್ಟೇಯ. ಬೇಲಿ ಆಚೆ ಬುಟ್ಟು ಬರಾದು. ಸಾಯ್ಸಿದ್ದೆಲ್ಲಿ ಬಂತು?”

ಅಜ್ಜಿ ಒಪ್ಪಿದಳು. ಹಲಗೆ ಹೊತ್ತುಕೊಂಡು ಹೋಗಿ ಕಳ್ಳಿ ಬೇಲಿಯಾಚೆ ಇಲಿ ಬಿಟ್ಟು ಬರುವ ಕೆಲಸ ನನ್ನದಾಯಿತು.

ಮೊದಲ ಬೆಳಿಗ್ಗೆಯೇ ಐದು ಇಲಿ. ಇಲಿ ಹಾಗೆ ಕಿರುಚುವುದನ್ನು ನಾನು ಕೇಳಿರಲಿಲ್ಲ. ಒಂದು ಕಿತ್ತುಕೊಳ್ಳಲು ಹೋಗಿ ಪಕ್ಕೆಯ ಚರ್ಮ ಹರಿದುಕೊಂಡಿತ್ತು. ಒಳಗಿನ ಕೆಂಪು ಏರಿಳಿಯುತ್ತಿತ್ತು. ಇನ್ನೊಂದು ತನ್ನ ಮುಂಗಾಲನ್ನೇ ಮೂಳೆ ಕಾಣುವವರೆಗೆ ಕಡಿದುಕೊಂಡಿತ್ತು. ನಾನು ಕಡ್ಡಿಯಿಂದ ಮೀಟಿದರೆ ಇಲಿ ಬರುತ್ತಿತ್ತು, ತೊಗಲು ಹಲಗೆಯಲ್ಲೇ ಉಳಿಯುತ್ತಿತ್ತು. ನೆಲಕ್ಕೆ ಬಿದ್ದವು ಓಡಲಿಲ್ಲ. ಮೈಗೆಲ್ಲ ಮಣ್ಣು, ಹಿಕ್ಕೆ ಮೆತ್ತಿಕೊಂಡು ಉರುಳಾಡಿದವು. ನಾನು ಕಣ್ಣು ಮುಚ್ಚಿ ಓಡಿಬಂದೆ.

ಅಂಟು ಕೆಲಸ ಮಾಡಿತು ಅನ್ನುವುದನ್ನು ಮುಚ್ಚಿಡಬಾರದು. ದಿನಕ್ಕೆ ಮೂರು, ನಾಲ್ಕು ಸಿಗುತ್ತಿದ್ದವು. “ಒಂದೆಳೆ ಕಡ್ದಿಲ್ಲ ನೋಡವ್ವ!” ಎಂದು ಅಪ್ಪ ಕಂಬಳಿ ತಡವಿ ತೋರಿಸುತ್ತಿದ್ದ.

ನಾಲ್ಕನೆಯ ದಿನ ಹಲಗೆಯ ಮೇಲೆ ಒಂದು ಬಸುರಿ ಇಲಿ ಅಂಟಿಕೊಂಡೇ ಮರಿ ಹಾಕಿತ್ತು. ಕೆಂಪು ಮರಿಗಳು ಅಲ್ಲೇ ಅಂಟಿಗೆ ಮೆತ್ತಿಕೊಂಡಿದ್ದವು. ಬೇಲಿಯ ಬುಡಕ್ಕೆ ಹೋದರೆ, ಎರಡು ದಿನದ ಹಿಂದೆ ಬಿಟ್ಟಿದ್ದ ಇಲಿಯೊಂದು ಇನ್ನೂ ಬದುಕಿತ್ತು. ಅದರ ಕಣ್ಣಿನೊಳಗೆ ಇರುವೆ ಮುತ್ತಿದ್ದವು. ಬಾಯಿ ತೆರೆದು ಮುಚ್ಚುತ್ತಿತ್ತು, ದನಿ ಇರಲಿಲ್ಲ.

ನಾನು ಕಲ್ಲು ಎತ್ತಿಕೊಂಡೆ. ಮೊದಲ ಏಟು ಸೊಂಟಕ್ಕೆ ಬಿತ್ತು. ಸಾಯಲಿಲ್ಲ. ಇಲ್ಲದ ದನಿಯೂ ಬಂತು. ಹೊಡೆದೆ, ಮತ್ತೆ ಹೊಡೆದೆ. ಆಮೇಲೆ ಬಸುರಿಯ ತಲೆಗೆ, ಮರಿಗಳಿಗೆ, ಕೈಕಾಲು ಅಲುಗಿದ ಪ್ರತಿಯೊಂದಕ್ಕೂ. ಕೈ ಸೋತಾಗ ನಿಲ್ಲಿಸಿದೆ. ಅಷ್ಟರಲ್ಲಿ ನೆನಪಾಯಿತು: ಕಂಬಳಿ ಮಗ್ಗದ ಮೇಲಿದೆ, ನಾನು ಜೀವ ತೆಗೆದಿದ್ದೇನೆ, ಅಕ್ಕನ ಮದುವೆ ಮುರಿಯುತ್ತದೆ.

“ಏನೇ ರಂಗಿ, ಲಂಗದ ಮ್ಯಾಲೆ ರಕ್ತ?” ಬಾಗಿಲಲ್ಲೇ ಅಜ್ಜಿ ಹಿಡಿದಳು.

“ಮುಳ್ಳು ತರಚ್ತು.”

“ಮುಳ್ಳು ತರಚಿದ್ರೆ ಕೂದ್ಲು ಮೆತ್ಕಂತದಾ?”

ಅವಳೇ ಬೇಲಿಗೆ ಹೋದಳು. ಒಂದೊಂದನ್ನೂ ಬಗ್ಗಿ ನೋಡಿದಳು. ಪೊದೆಯೊಳಗೆ ಒಂದು ಇನ್ನೂ ಅಲುಗುತ್ತಿತ್ತು. ಅಜ್ಜಿ ನನ್ನ ಕಲ್ಲನ್ನೇ ತೆಗೆದುಕೊಂಡು ಒಂದೇ ಏಟಿಗೆ ಮುಗಿಸಿದಳು. ಮನೆಗೆ ಬಂದು ಹಲಗೆಯನ್ನು ಒಲೆಗೆ ತುರುಕಿದಳು.

“ಅವ್ವಾ, ಜೀವ ತೆಗೀಬಾರ್ದು ಅಂದೋಳು ನೀನೇ ಅಲ್ವಾ?” ಅಪ್ಪ ಕೂಗಾಡಿದ.

“ಅಂದೆ. ಅದ್ರ ಪಾಡು ನೋಡ್ದಲೆ ಅಂದೆ. ತಪ್ಪು ನಂದೇಯ. ಒಂದೇ ಏಟ್ಗೆ ಕತ್ತು ಮುರಿಯೋ ಕತ್ರಿ ತಂದಿಕ್ಕು. ಇಕ್ಕಿದೋನೇ ತೆಗೀಬೇಕು. ಮಗೀನ ಕೈಗೆ ಕೊಡ್ಬ್ಯಾಡ.”

ಕತ್ತರಿಗೆ ಎರಡು ದಿನಕ್ಕೊಂದು ಇಲಿ ಬಿದ್ದರೆ ಹೆಚ್ಚು. ಮದುವೆಗೆ ಎರಡು ದಿನವಿದೆ ಎನ್ನುವಾಗ ಕಂಬಳಿಯ ನಡುವಿಗೇ ಅಂಗೈಯಗಲ ತೂತು ಬಿತ್ತು. ಹೊಲಿದರೂ ಕಾಣುತ್ತಿತ್ತು.

ಗದ್ದುಗೆ ಹಾಸಿದಾಗ ಗಂಡಿನ ಸೋದರತ್ತೆ ಬಗ್ಗಿ ನೋಡಿದಳು. “ಏನ್ರವ್ವ, ನಮಗಿಂತ ಮುಂಚೆ ನಿಮ್ಮನೆ ಇಲಿಗೋಳೇ ಮದ್ವೆ ಊಟ ಮಾಡ್ಬುಟ್ಟವೆ?”

ವಾಲಗ ನಿಂತಿತು. ಅಜ್ಜಿ ಎದ್ದು, “ಇಲಿ ತಡ್ಯಾಕೆ ದಾರಿ ಇತ್ತು ಕಣವ್ವ, ನಾನೇ ಬ್ಯಾಡಂದೆ. ಅನ್ನೋದಿದ್ರೆ ನನ್ನ ಅನ್ನು,” ಅಂದಳು.

ಯಾರೂ ಏನೂ ಹೇಳುವ ಮೊದಲೇ ಅಕ್ಕ ತಲೆಯೆತ್ತದೆ ನಡೆದು ಹೋಗಿ, ಆ ತೂತಿನ ಮೇಲೆ ಮಂಡಿಯಿಟ್ಟು ಕೂತುಬಿಟ್ಟಳು.

“ಹುಡ್ಗಿ ಕುಂತಾಯ್ತಲ್ಲ, ಬುಡು,” ಅಂದ ಗಂಡಿನ ಅಪ್ಪ. ವಾಲಗ ಮತ್ತೆ ಶುರುವಾಯಿತು.

ಈಗ ಅಂಟಿನ ಹಲಗೆ ಪುಸ್ತಕದ ಹಾಗೆ ಮಡಚುವಂಥದ್ದು ಅಂಗಡಿಯಲ್ಲೇ ಸಿಗುತ್ತದೆ. ಹೋದ ತಿಂಗಳು ಸಿಂಕಿನ ಕೆಳಗೆ ನೀವು ಇಟ್ಟಿದ್ದರಲ್ಲಿ ಒಂದು ಇಲಿ ಸಿಕ್ಕಿತು. ನೀವೆಲ್ಲ ಹೊರಗೆ ಹೋಗಿದ್ದಿರಿ. ನಾನು ಅದನ್ನು ಮಡಚಿ ಕಸದ ಗಾಡಿಗೆ ಕೊಟ್ಟೆ. ಮಡಿಕೆಯೊಳಗೆ ಅದು ಅಲುಗುವುದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಹತ್ತನೇ ವಯಸ್ಸಿನಲ್ಲಿ ಕಲ್ಲೆತ್ತಿದ ಕೈ ಈ ಸಲ ಏಳಲಿಲ್ಲ. ನಿಮಗೂ ಏನೂ ಹೇಳಲಿಲ್ಲ. ಮಗ್ಗ ಹೋಯಿತು, ಕುರಿಯೂ ಹೋದವು, ಅದಕ್ಕೆಲ್ಲ ನನಗೆ ಅಷ್ಟು ಸಂಕಟವಿಲ್ಲ. ಹೋಗಿ ಕಣ್ಣಾರೆ ನೋಡಿ, ತಪ್ಪು ನಂದೇ ಎಂದು ಮಗನೆದುರೂ ಬೀಗರೆದುರೂ ಹೇಳಿದ ಆ ಅಜ್ಜಿಯಂಥವರು ನಮ್ಮ ಮನೆಯಲ್ಲಿ ಈಗ ಒಬ್ಬರೂ ಇಲ್ಲ, ನಾನೂ ಆಗಲಿಲ್ಲ.

ಈ ಹಾಳೆಗಳನ್ನು ಕಳೆಯಬೇಡಿ ಮಕ್ಕಳೇ. ಬಾಯಲ್ಲಿ ಹೇಳಲಾಗದ್ದನ್ನು ಇದರಲ್ಲಿ ಹೇಳಿದ್ದೇನೆ; ಜೋಪಾನವಾಗಿ ಇಟ್ಟುಕೊಳ್ಳಿ.