ಗಾಯಕ್ಕೂ ಮೊದಲು ನೀರು ನೋಡುವ ನೀಲಪ್ಪ

ಬೆಳಗಿನ ಆರು ಗಂಟೆ. ಹಾನಗಲ್ಲಿನ ಹೊರಗೆ, ಕಬ್ಬು ಕಡಿಯುವವರ ಗುಡಿಸಲುಗಳ ನಡುವೆ ನೀಲಪ್ಪ ಕುಕ್ಕರಗಾಲಲ್ಲಿ ಕುಳಿತು ಜಯಾಳ ಪಾದದ ಬಟ್ಟೆ ಬಿಚ್ಚುತ್ತಾರೆ. ಕುಡಗೋಲು ತಾಗಿ ಮೂರು ದಿನವಾದ ಗಾಯ. ಒಳಗೆ ಕಪ್ಪಗೆ ಏನೋ ಮೆತ್ತಿಕೊಂಡಿದೆ.

“ಏನ ತುಂಬಿಯವ್ವಾ ಇದರಾಗ?”

“ಬ್ಯಾಟರಿ ಶೆಲ್ಲಿನ ಪುಡಿರಿ. ರಕ್ತ ನಿಲ್ಲತೈತಿ ಅಂದ್ರು.”

ವರದಿಗೆಂದು ನೀಲಪ್ಪನವರ ಜೊತೆ ಬಂದ ನಾನು ಬಗ್ಗಿ ನೋಡುತ್ತೇನೆ. ಟಾರ್ಚಿನ ಹಳೆಯ ಶೆಲ್ಲು ಒಡೆದು ಹಸಿ ಗಾಯಕ್ಕೆ ತುಂಬುವುದೇ! ನೀಲಪ್ಪ ಬೈಯುವುದಿಲ್ಲ. ಕುದಿಸಿ ಆರಿಸಿದ ನೀರು ಸುರಿಯುತ್ತ ಕಾಲು ಗಂಟೆ ತೊಳೆಯುತ್ತಾರೆ.

ಹತ್ತಿಮತ್ತೂರಿನ ನೀಲಪ್ಪ ಹದಿನೇಳು ವರ್ಷ ಸೇನೆಯ ವೈದ್ಯಕೀಯ ದಳದಲ್ಲಿದ್ದವರು. ಈಗ ಸುಗ್ಗಿ ಬಂತೆಂದರೆ ಒಂಬತ್ತು ಬಿಡಾರ ಸುತ್ತುತ್ತಾರೆ. ದಿನಕ್ಕೆ ಇಪ್ಪತ್ತು ಗಾಯ, ಬೈಕಿನಲ್ಲಿ ಐವತ್ತು ಕಿಲೋಮೀಟರು. ಎಲ್ಲಿ ಹೋದರೂ ಮೊದಲು ನೋಡುವುದು ಗಾಯವನ್ನಲ್ಲ, ಕುಡಿಯುವ ನೀರೆಲ್ಲಿ, ಬಯಲಕಡೆಗೆ ಹೋಗುವುದೆಲ್ಲಿ ಎಂದು. ಈ ಬಿಡಾರದಲ್ಲಿ ಎರಡಕ್ಕೂ ಒಂದೇ ಹಳ್ಳ. ಅದೇ ನೀರಿನ ಚಹಾ ನನ್ನ ಹೊಟ್ಟೆ ಸೇರಿ ಹತ್ತು ನಿಮಿಷವಾಗಿತ್ತು.

“ಟ್ರೇನಿಂಗಿನ್ಯಾಗ ಸುಬೇದಾರ ಸಾಹೇಬ್ರು ರೋಮನ್ ಸೈನ್ಯದ ಕತಿ ಹೇಳತಿದ್ರು” ಎನ್ನುತ್ತಾರೆ ನೀಲಪ್ಪ. “ದಂಡ ಬೀಡು ಬಿಟ್ಟಲ್ಲೆ ಕುಡ್ಯೂ ನೀರ ಮ್ಯಾಲಿನ ಕಡೆ, ಪಾಯಖಾನಿ ಕೆಳಗಿನ ಕಡೆ. ಗಾಯಾ ತೊಳ್ಯಾಕ ವಿನೆಗರ್. ದಂಡಿಗೇ ಬ್ಯಾರೆ ದವಾಖಾನಿ. ಕತ್ತಿಗಿಂತ ಭೇದಿ ಕೆಟ್ಟದ್ದಂತ ಅವರಿಗೆ ಗೊತ್ತಿತ್ರಿ.”

ಎರಡು ಸಾವಿರ ವರ್ಷದ ಹಿಂದಿನ ಮಾತದು. ಮೊಬೈಲು ಹಿಡಿದ ನಮಗೆ ಇನ್ನೂ ಗೊತ್ತಾಗಿಲ್ಲವೆಂದರೆ ನಾಚಿಕೆಯಾಗಬೇಕು.

ಜಯಾ ಏಳಲು ನೋಡುತ್ತಾಳೆ. ಇಲ್ಲಿ ಕೂಲಿಯ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಆಳು. “ಜೋಡಿ ಮುರದ್ರ ನಮ್ಮವರನ್ನೂ ಕೆಲಸಕ್ಕ ಕರಿಯಂಗಿಲ್ರಿ. ಕಟ್ಟಿಬಿಡ್ರಿ, ಹೋಗ್ತೇನಿ.”

ನೀಲಪ್ಪ ಅವಳ ಗಂಡ ಮಾಲತೇಶನನ್ನು ಕರೆದು, ಹಿಮ್ಮಡಿಯಿಂದ ಮೇಲೇರಿದ ಕೆಂಪು ಗೆರೆ ತೋರಿಸುತ್ತಾರೆ. “ನಂಜು ಏರಾಕತ್ತೈತಿ ತಮ್ಮಾ. ಕಾಲ ಹೋದ ಮ್ಯಾಲೆ ಯಾವ ಜೋಡಿ?” ಮಾಲತೇಶ ಹೆಂಡತಿಯನ್ನು ಎತ್ತಿ ನೀಲಪ್ಪನವರ ಬೈಕಿನ ಮೇಲೆ ಕೂರಿಸುತ್ತಾನೆ.

ಹಾನಗಲ್ಲಿನ ಆಸ್ಪತ್ರೆಯಲ್ಲಿ ವೈದ್ಯರು ಗಾಯ ನೋಡಿ ಜಯಾಳನ್ನು ದಾಖಲಿಸಿಕೊಳ್ಳುತ್ತಾರೆ. ಇನ್ನೆರಡು ದಿನ ತಡವಾಗಿದ್ದರೆ ಕಾಲು ತೆಗೆಯಬೇಕಾಗುತ್ತಿತ್ತಂತೆ.

ನಳದ ಕೆಳಗೆ ಕೈ ತೊಳೆಯುತ್ತಿದ್ದ ನೀಲಪ್ಪನವರನ್ನು ಕೇಳುತ್ತೇನೆ, ಪಿಂಚಣಿ ಬರುತ್ತದೆ, ಇದೆಲ್ಲ ಯಾಕೆ?

“ನಾ ಗಡಿಯಾಗ ಸಿಪಾಯಿಗಳ ಗಾಯಾ ತೊಳ್ಯಾಕತ್ತಿದ್ದೆ. ಇಲ್ಲೆ ನಮ್ಮವ್ವ ಕುಡಗೋಲ ತಾಗಿದ್ದಕ್ಕ ಬೂದಿ ಹಚ್ಚಿಕೊಂಡು, ಧನುರ್ವಾಯು ಆಗಿ ಸತ್ಲು” ಎಂದು ನಳ ನಿಲ್ಲಿಸುತ್ತಾರೆ. “ಆಕಿದು ತೊಳ್ಯಾಕ ಆಗಲಿಲ್ರಿ. ಇವತ್ತ ಒಂದ ಕಾಲ ಉಳೀತು.”